ಬೆಳ್ಗಡಲಿನಿಂದ ಹಿಂದಕ್ಕೆ

ಹಾಸಿನ ಎರಡು ಮೂಲೆ ನನ್ನ ಕೈಯಲ್ಲಿ, ಇನ್ನೆರಡು ಜೊತೆ ಕೆಲಸದವಳು ಉದ್ದಕ್ಕನ ಕೈಯಲ್ಲಿ. ಜಗ್ಗಿ ಎಳೆದು, ಒಮ್ಮೆ ಒದರಿ, ಅರ್ಧಕ್ಕೆ ಮಡಿಚಿ, ನಾನು ಅವಳತ್ತ ನಡೆದು ನನ್ನ ಮೂಲೆಗಳನ್ನು ಅವಳ ಬೆರಳಿಗೆ ದಾಟಿಸಬೇಕು. ನಮ್ಮ ಲಾಂಡ್ರಿಗೆ ಆಸ್ಪತ್ರೆಯ ಹಾಸುಗಳು, ವಸತಿಗೃಹದ ಹಾಸುಗಳು ಗಾಡಿಗಟ್ಟಲೆ ಬರುತ್ತವೆ. ಬಿಸಿ ರೋಲರಿನ ಬಾಯಿಂದ ಹೊರಬಿದ್ದದ್ದನ್ನು ಆರುವ ಮೊದಲೇ ಮಡಿಚಿದರೆ ಗೆರೆ ನಿಲ್ಲುತ್ತದೆ. ಹಾಗಾಗಿ ನಡುವೆ ನಿಲ್ಲುವಂತಿಲ್ಲ. ಆವತ್ತು ನಾನು ನಿಂತುಬಿಟ್ಟೆ.

"ದೊಡ್ಡಮ್ಮ, ದೋಣಿ ಹುಡುಗಿ ಕಥೆ ಮುಗಿದೋಯ್ತು ಕಣ್ರೀ," ಎಂದಳು ಉದ್ದಕ್ಕ. ಅವಳ ಕಣ್ಣು ಕೆಂಪಾಗಿತ್ತು.

"ಮುಗಿಯೋದು ಅಂದ್ರೆ?"

"ಮುಗಿಯೋದೂ ಅಲ್ಲ, ನಿಂತೋಯ್ತು. ಬರೆಯೋಳೇ ಕೊನೇ ಚಿತ್ರದ ಕೆಳಗೆ ಬರೆದು ಹಾಕಿದ್ದಾಳೆ. ಮುಂದಕ್ಕೆ ಬರೆಯಲ್ವಂತೆ. ತಿಂಗಳ ಕೊನೆಗೆ ಪೂರ್ತಿ ಅಳಿಸಿಬಿಡ್ತಾಳಂತೆ."

ನನ್ನ ಕೈಯಿಂದ ಮೂಲೆ ಜಾರಿತು. ಹಾಸು ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದದ್ದು ಮತ್ತೆ ಒಗೆಯಲು ಹೋಗಬೇಕು.

"ಏನಜ್ಜಿ, ಇವತ್ತು ನೆಲಕ್ಕೇ ಹಾಸಿಗೆ ಹಾಸಿದ್ರಾ? ದಿಂಬು ಕಳಿಸ್ಲಾ?" ಎಂದು ಮೇಸ್ತ್ರಿ ಆ ತುದಿಯಿಂದ ಕೂಗಿದ.

ನಾನು ಹಾಸನ್ನು ಎತ್ತಿ ಒಗೆಯುವ ರಾಶಿಗೆ ಹಾಕಿದೆ. ಉದ್ದಕ್ಕ ನನ್ನನ್ನೇ ನೋಡುತ್ತಿದ್ದಳು. "ನೀವು ಹೇಳಿದ್ರಿ," ಎಂದಳು. "ಅಳಬೇಡ ಕಣೇ, ಎಲ್ಲ ವಾಪಸ್ ಬರುತ್ತೆ, ನಾನು ನೋಡಿದ್ದೀನಿ ಅಂದ್ರಿ. ಆ ಮಾತು ನಂಬ್ಕೊಂಡೇ ಓದಿದೆ. ಎಲ್ಲಿ ಬಂತು ದೊಡ್ಡಮ್ಮ?"

ಹೌದು, ಹೇಳಿದ್ದೆ. ಯಾಕೆ ಹೇಳಿದ್ದೆ ಎಂಬುದೇ ಈ ಕಥೆ.

ದೋಣಿ ಹುಡುಗಿಯದು ಫೋನಿನಲ್ಲಿ ಓದುವ ಚಿತ್ರಕಥೆ. ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋದರೆ ಬಾವಿಯಿಂದ ನೀರು ಸೇದಿದ ಹಾಗೆ ಚಿತ್ರಗಳು ಏರಿ ಏರಿ ಬರುತ್ತವೆ. ಅದರ ಹೆಸರು 'ಬೆಳ್ಗಡಲು'. ಬರೆಯುವವಳು ತನ್ನ ಹೆಸರು ಹಾಕಿಕೊಂಡಿರಲಿಲ್ಲ. ಅಡಿಯಲ್ಲಿ ಒಂದು ಅಂಚೆ ವಿಳಾಸ, 'ಫೋನಿನಲ್ಲಿ ಬೇಡ, ಕಾಗದ ಬರೆದರೆ ಸಂತೋಷ' ಎಂಬ ಒಂದು ಸಾಲು, ಅಷ್ಟೇ. ಉದ್ದಕ್ಕನಿಗೆ ಅದು ಎಲ್ಲಿಂದ ಸಿಕ್ಕಿತೋ, "ನಿಮಗೆ ಓದೋದು ಅಂದ್ರೆ ಪ್ರಾಣ ಅಲ್ವಾ, ತಗೊಳ್ಳಿ" ಎಂದು ನನಗೂ ಕಳಿಸಿದಳು. ಅವಳು ಊಟದ ಬಿಡುವಿನಲ್ಲಿ ದಿನಕ್ಕೊಂದೇ ಕಂತು ಓದುತ್ತಿದ್ದಳು. ಜಾಸ್ತಿ ಓದಿದರೆ ಖರ್ಚಾಗಿಬಿಡುತ್ತದೆ ಎಂಬ ಜಿಪುಣತನ.

ನಾನು ಓದು ಕಲಿತದ್ದು ರಾತ್ರಿ ಶಾಲೆಯಲ್ಲಿ, ಮೊಮ್ಮಗಳು ಹುಟ್ಟಿದ ಮೇಲೆ. ಈಗಲೂ ಅಕ್ಷರಗಳನ್ನು ಕತ್ತಲಲ್ಲಿ ಗೋಡೆ ಸವರಿದ ಹಾಗೆ ತಡವಿ ತಡವಿ ಹೋಗುತ್ತೇನೆ. ಆ ಶಾಲೆಯ ಕೊನೆಯ ಪಾಠ ಕಾಗದ ಬರೆಯುವುದು. "ಯಾರಿಗಾದರೂ ಬರೀರಿ, ಆದರೆ ಅಂಚೆಗೆ ಹಾಕಲೇಬೇಕು" ಎಂದಿದ್ದರು ಮೇಷ್ಟ್ರು. ನನ್ನವರು ಎನ್ನುವವರೆಲ್ಲ ಕೂಗಿದರೆ ಓ ಎನ್ನುವಷ್ಟು ದೂರದಲ್ಲೇ ಇದ್ದರು. ಯಾರಿಗೆ ಬರೆಯಲಿ? ಆ ಪಾಠವೊಂದು ಬಾಕಿ ಉಳಿದುಬಿಟ್ಟಿತ್ತು.

ನಾನು ಬೆಳ್ಗಡಲನ್ನು ಮೊದಲ ಸಲ ತೆರೆದದ್ದು ಅಡುಗೆಮನೆಯ ಕಿಟಕಿಯ ಪಕ್ಕ, ಅಕ್ಕಿ ತೊಳೆದಿಟ್ಟು. ತೆರೆದ ಕೂಡಲೇ ಬಿಳಿ. ಮೇಲಕ್ಕೆ ತಳ್ಳಿದಷ್ಟೂ ಬಿಳಿ. ಫೋನು ಕೆಟ್ಟಿತೇನೋ ಅಂದುಕೊಂಡೆ. ಆಮೇಲೆ ಒಂದು ಸಣ್ಣ ದೋಣಿ ಕಾಣಿಸಿತು. ಅದರ ಹಗ್ಗ ಹಿಡಿದು ನಿಂತ ಹುಡುಗಿ ಬರಿಯ ಒಂದು ಗೆರೆ. ಕಣ್ಣಿಲ್ಲ, ನೆರಳಿಲ್ಲ, ಮೈಯೊಳಗೆ ಬಣ್ಣವಿಲ್ಲ. ಉಸಿರು ಬಿಟ್ಟರೆ ಅಳಿಸಿಹೋಗುವಂಥ ಗೆರೆ. ಎದುರಿಗೆ ಸಮುದ್ರ, ಅದೂ ಬಿಳಿ. ಕೆಳಗೆ ಎರಡೇ ಸಾಲು, ಉದ್ದಕ್ಕ ಹೇಳಿದ ಆ ಬರಹ ಆಗಿನ್ನೂ ಇರಲಿಲ್ಲ:

ದೋಣಿ ತಂದೆ, ಕಡಲೂ ಸಿಕ್ಕಿತು.
ಹತ್ತಬೇಕಾದವಳೇ ಉಳಿದಿಲ್ಲ.

ಇಷ್ಟು ಕಡಿಮೆ ಗೆರೆಯಲ್ಲಿ ಇಷ್ಟು ದೊಡ್ಡ ಬಯಲು ಹೇಗೆ ಹಿಡಿಯಿತು? ಅಡಿಯಲ್ಲಿ ಒಂದೇ ಒಂದು ಬಾಣದ ಗುರುತಿತ್ತು. ಒತ್ತಿದೆ. ಇನ್ನೊಂದು ಕಂತು ತೆರೆಯಿತು.

ಅದರಲ್ಲಿ ಹುಡುಗಿಯ ಕಾಲಡಿ ನೆರಳಿತ್ತು! ಎಲ್ಲಿಂದ ಬಂತು? ಅವಳು ದೋಣಿಯನ್ನು ಒಣ ನೆಲದ ಮೇಲೆ ಎಳೆಯುತ್ತಾ ಒಂದು ಮರದ ಹತ್ತಿರ ಬರುತ್ತಾಳೆ. ಮರವೋ ಬೆಟ್ಟದಷ್ಟು ದೊಡ್ಡದು, ಒಂದೊಂದು ಎಲೆಯಲ್ಲೂ ಒಂದೊಂದು ಹಕ್ಕಿಯ ಮುಖ, ಆದರೆ ನೆರಳು ಮಾತ್ರ ಇಲ್ಲ. ಅದರಡಿ ನಡೆದವರೆಲ್ಲ ಬಿಸಿಲಿಗೆ ಕರಗಿ ಮಣ್ಣಾಗುತ್ತಾರೆ. ಹುಡುಗಿ ಬಾಗಿ, ಸೀರೆಯ ಅಂಚು ಬಿಚ್ಚಿದ ಹಾಗೆ ತನ್ನ ನೆರಳನ್ನು ಕಾಲಿನಿಂದ ಬಿಚ್ಚಿ, ಒದರಿ, ಮರದ ಕೆಳಗೆ ಹಾಸುತ್ತಾಳೆ.

ಬಿಸಿಲು ಕುಡಿದೂ ಕುಡಿದೂ ನೆರಳಿಲ್ಲದ ಮರವೆ,
ಕಾಲಡಿಯ ಈ ಕಪ್ಪನ್ನು ಬಿಚ್ಚಿ ಹಾಸುವೆ.
ದಾರಿಯವರು ಇಲ್ಲಿ ಕೂರಲಿ ಒಂದು ಗಳಿಗೆ;
ನಾನು ಬಿಸಿಲಿಗೆ ಬರಿಮೈ, ಇರಲಿ.

ಅವಳು ಒದರಿದ ರೀತಿ ಇದೆಯಲ್ಲ, ಅದು ನಾವು ದಿನವೂ ಹಾಸು ಒದರುವ ರೀತಿಯೇ. ಅಂಚಿನಲ್ಲಿ ಆ ಅಲೆ ಏಳುವುದು, ನಡುವೆ ಗಾಳಿ ತುಂಬಿ ಉಬ್ಬುವುದು, ಎಲ್ಲ ಹಾಗೆಯೇ. ಇದನ್ನು ಬರೆದವಳು ಎಂದೋ ಹಾಸು ಒದರಿದ್ದಾಳೆ ಎಂದುಕೊಂಡೆ. ಈಗ ಬಾಣ ಎರಡಿದ್ದವು; ಮೊದಲು ಒತ್ತಿದ ಕಡೆಯದನ್ನೇ ಮತ್ತೆ ಒತ್ತಿದೆ. ಅಲ್ಲಿ ಅವಳು ಕೊಟ್ಟುಬಿಟ್ಟಿದ್ದ ನೆರಳೂ ಅವಳಿಗಿತ್ತು, ಜೊತೆಗೆ ನಿದ್ದೆಯೂ ಇತ್ತು. ಕನಸು ಕಾಣಲಾರದ ಜನರ ಪಟ್ಟಣವೊಂದಕ್ಕೆ ಅವಳು ನಿದ್ದೆಯನ್ನು ಕೊಟ್ಟಳು. ಮನೆಗಳ ಚಾವಣಿಯಿಂದ ಮೀನುಗಳು, ಕುದುರೆಗಳು, ಸತ್ತುಹೋದ ಅಜ್ಜಂದಿರು ಹೊಗೆಯ ಹಾಗೆ ಎದ್ದು ಬಂದರು. ಮತ್ತೆ ಬಾಣ. ಈಗ ನೆರಳು, ನಿದ್ದೆ, ಜೊತೆಗೆ ಕಣ್ಣಿನ ಬಣ್ಣ. ಕುರುಡು ಬೆಟ್ಟವೊಂದಕ್ಕೆ ಆ ಬಣ್ಣವನ್ನು ಕೊಟ್ಟಳು. ಬೆಟ್ಟ ಕಣ್ಣು ತೆರೆದಾಗ ಎರಡು ಹಸಿರು ಕೆರೆ ಕಾಣಿಸಿದವು. ಮತ್ತೆ ಬಾಣ. ಈಗ ದನಿ! ಕೆಂಪು ದಾರದ ಹಾಗೆ ಅವಳ ಬಾಯಿಂದ ಹೊರಟು ಪುಟದುದ್ದಕ್ಕೂ ಓಡುವ ದನಿ. ಸದ್ದಿಲ್ಲದೆ ಹರಿಯುವ ಮೂಕ ನದಿಗೆ ಅವಳು ಹೇಳಿದಳು:

ಹರಿದೂ ಹರಿದೂ ಸದ್ದಿಲ್ಲ ನಿನಗೆ, ತಾಯಿ,
ತಗೋ ನನ್ನ ಗಂಟಲು, ಹಾಡಿಕೋ.

ಕೊನೆಗೆ ಒಂದು ಮನೆಯ ಹೊಸ್ತಿಲು. ಮೈತುಂಬ ಬಣ್ಣ, ಹಸಿರು ಕಣ್ಣು, ಉದ್ದನೆಯ ನೆರಳು, ಬಾಯಲ್ಲಿ ಹಾಡು. ನೀರೇ ಕಾಣದ ಊರಿನಲ್ಲಿ ಹೊಸ ದೋಣಿಯ ಪಕ್ಕ ನಿಂತ ಹುಡುಗಿ.

ಕಡಲು ಎಲ್ಲಿದೆ ಎಂದು ಕೇಳಬೇಡಿ.
ದೋಣಿ ಇದೆ ನನ್ನಲ್ಲಿ, ಅದೇ ಗುರುತು.

ಅಕ್ಕಿ ನೆನೆದು ಹಿಟ್ಟಾಗಿತ್ತು. ನನಗೆ ಎಚ್ಚರವಿರಲಿಲ್ಲ. ಕೊಟ್ಟಷ್ಟೂ ತುಂಬಿಕೊಳ್ಳುವ ಹುಡುಗಿ! ಒಂದು ಕಂತಿನಲ್ಲಿ ಕೊಡುತ್ತಾಳೆ, ಬಾಣ ಒತ್ತಿದರೆ ಕೊಟ್ಟದ್ದೂ ಇದೆ, ಇನ್ನೊಂದೂ ಇದೆ. ಏನೂ ಇಲ್ಲದ ಗೆರೆಯಿಂದ ಹೊರಟು ಒಂದೊಂದನ್ನೇ ಕೊಟ್ಟು ಕೊಟ್ಟು ಮನುಷ್ಯಳಾಗಿ ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ. ಇಂಥದೊಂದು ನಾಡು ಯಾರ ತಲೆಗೆ ಹೊಳೆಯಿತು ಎಂದು ನಾನು ಕಿಟಕಿಯ ಆಚೆ ನೋಡುತ್ತಾ ಕುಳಿತೆ. ಆಚೆ ಇದ್ದದ್ದು ಪಕ್ಕದ ಕಟ್ಟಡದ ನೀರಿನ ಕೊಳವೆ. ಅದೂ ಬೇರೆಯಾಗಿ ಕಂಡಿತು.

ನದಿಗೆ ದನಿ ಕೊಟ್ಟ ಕಂತನ್ನು ಓದಿ ಉದ್ದಕ್ಕ ಕೆಲಸದ ನಡುವೆ ಮೂಗು ಒರೆಸಿಕೊಳ್ಳುತ್ತಿದ್ದುದು ಅದೇ ವಾರ. "ಪಾಪದ ಹುಡುಗಿ, ಇನ್ನು ಮೂಕಿ," ಎಂದಳು. "ಅಳಬೇಡ ಕಣೇ, ಎಲ್ಲ ವಾಪಸ್ ಬರುತ್ತೆ, ನಾನು ನೋಡಿದ್ದೀನಿ," ಎಂದೆ. ಇಬ್ಬರೂ ಒಂದೇ ದಾರಿಯಲ್ಲಿ ಎದುರುಬದುರು ನಡೆಯುತ್ತಿದ್ದೇವೆ ಎಂಬುದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಆ ದಿನಗಳಲ್ಲೇ ನನ್ನ ಬಾಕಿ ಪಾಠ ನೆನಪಾಯಿತು. ಅಂಚೆ ವಿಳಾಸವಿದೆ, ಹೇಳಲು ಮಾತಿದೆ. ಕೂತು ಬರೆದೆ. ಕೊಟ್ಟಷ್ಟೂ ತುಂಬಿಕೊಳ್ಳುವ ನಿಮ್ಮ ಹುಡುಗಿಯನ್ನು ಕಂಡು ಬೆರಗಾದೆ ಎಂದು ಬರೆದೆ. ಲಕೋಟೆಗೆ ಹಾಕುವ ಮೊದಲು, ಕಾಗುಣಿತ ನೋಡು ಎಂದು ಮೊಮ್ಮಗಳು ಚೂಟಿಗೆ ಕೊಟ್ಟೆ. ಅವಳು ಓದಿದಳು, ಹುಬ್ಬು ಗಂಟಿಕ್ಕಿದಳು, ನನ್ನ ಫೋನು ಇಸಿದುಕೊಂಡು ನೋಡಿದಳು, ಮಂಚದ ಮೇಲೆ ಬಿದ್ದು ನಗತೊಡಗಿದಳು.

"ಅಜ್ಜಿ! ತೆರೆದ ಕೂಡಲೇ ಬರೋದು ಕೊನೇ ಕಂತು. ನೀನು ಕೊನೆಯಿಂದ ಮೊದಲಿಗೆ ಓದಿದ್ದೀಯ! ಊಟ ಮಾಡಿ, ಆಮೇಲೆ ಅಡುಗೆ ಮಾಡಿ, ಆಮೇಲೆ ಅಂಗಡಿಗೆ ಹೋದ ಹಾಗಾಯ್ತು!"

"ಬಾಣ ಒಂದೇ ಇತ್ತಲ್ಲೇ."

"ಅದು ಹಿಂದಕ್ಕೆ ಹೋಗೋ ಬಾಣ ಅಜ್ಜಿ! ಕೊನೇದಕ್ಕೆ ಮುಂದಕ್ಕೆ ಹೋಗೋ ಬಾಣ ಎಲ್ಲಿಂದ ಬರುತ್ತೆ? ಕಥೆ ಏನು ಗೊತ್ತಾ? ಅವಳು ಒಂದೊಂದೇ ಕಳ್ಕೊಂಡು ಕೊನೆಗೆ ಏನೂ ಉಳಿಯಲ್ಲ. ಬರೀ ದುಃಖ."

"ಸಾಕು ಬಾಯಿ ಮುಚ್ಚೇ," ಎಂದು ಸೊಸೆ ಒಳಗಿನಿಂದ ಗದರಿದಳು. "ಅಜ್ಜಿ ಓದ್ತಾರಲ್ಲ, ನೀನು ಪಾಠದ ಪುಸ್ತಕ ಯಾವ ಕಡೆಯಿಂದಾದ್ರೂ ಓದು ನೋಡೋಣ."

ನಾನೂ ನಕ್ಕೆ. ನಕ್ಕು, ಕಾಗದವನ್ನು ಮರುದಿನ ಲಾಂಡ್ರಿಯಲ್ಲಿರುವ ನನ್ನ ಸೂಜಿದಾರದ ಡಬ್ಬಿಯ ತಳಕ್ಕೆ ಸೇರಿಸಿದೆ. ಇಷ್ಟು ದುಃಖದ ಕಥೆ ಕಟ್ಟಿದವಳಿಗೆ ಎಷ್ಟು ಖುಷಿಯಾಯಿತು ಎಂದು ಬರೆಯುವುದೇ? ಓದಿದರೆ ಏನೆಂದುಕೊಂಡಾಳು? ಉದ್ದಕ್ಕನಿಗೂ ಹೇಳಲಿಲ್ಲ. ಆಮೇಲೆ ಡಬ್ಬಿ ತೆರೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಮೇಲೆ ಗುಂಡಿಗಳನ್ನು ಸರಿಸಿ ಮುಚ್ಚುತ್ತಿದ್ದೆ.

ಈಗ ಉದ್ದಕ್ಕ ಎದುರಿಗೆ ನಿಂತು ಕೇಳುತ್ತಿದ್ದಾಳೆ, ಎಲ್ಲಿ ಬಂತು ಎಂದು. ಊಟದ ಬಿಡುವಿನಲ್ಲಿ ಮೂಟೆಗಳ ಮೇಲೆ ಕೂತು ಅವಳ ಫೋನಿನಲ್ಲಿ ಆ ಬರಹ ಓದಿದೆ: 'ಇವಳ ಹತ್ತಿರ ಕೊಡಲು ಇನ್ನೇನೂ ಉಳಿದಿಲ್ಲ. ನನ್ನ ಹತ್ತಿರವೂ ಇಲ್ಲ. ಬಿಳಿ ಹಾಳೆಯ ಮುಂದೆ ಕೂರುತ್ತೇನೆ, ಬಿಳಿಯಾಗಿಯೇ ಏಳುತ್ತೇನೆ. ಕ್ಷಮಿಸಿ.'

ಆ ಮರ, ಆ ಬೆಟ್ಟ, ಕೆಂಪು ದಾರದ ದನಿ, ಎಲ್ಲ ತಿಂಗಳ ಕೊನೆಗೆ ಇಲ್ಲವಾಗುತ್ತವೆ. ಒಗೆದು ತೆಗೆದ ಕಲೆಯ ಹಾಗೆ.

"ನಾನು ಸುಳ್ಳು ಹೇಳಲಿಲ್ಲ ಕಣೇ," ಎಂದೆ. "ನಾನು ಓದಿದ್ದು ಹಿಂದಿನಿಂದ."

"ಹಿಂದಿನಿಂದ ಅಂದ್ರೆ?"

"ಇಲ್ಲಿ, ಈ ಬಾಣ ಒತ್ತು. ಒತ್ತು ಹೇಳ್ತೀನಿ."

ಅವಳು ಒತ್ತಿದಳು. ಮರ ಬಂತು. ನೆರಳು ಬಂತು. ಅವಳು ಮತ್ತೆ ಒತ್ತಿದಳು. ಬುತ್ತಿಯ ಮುಚ್ಚಳ ತೆರೆದೇ ಇತ್ತು, ಅನ್ನ ಆರುತ್ತಿತ್ತು. ದಿನಕ್ಕೊಂದೇ ಕಂತು ಎಂದು ಜಿಪುಣತನ ಮಾಡುತ್ತಿದ್ದವಳು ಒಂದೇ ಉಸಿರಿಗೆ ಬೆಳ್ಗಡಲಿನಿಂದ ಹೊಸ್ತಿಲವರೆಗೂ ಹೋದಳು. ಅವಳ ಮುಖವನ್ನು ನಾನು ನೋಡುತ್ತಿದ್ದೆ. ರೋಲರಿನಿಂದ ಹಾಸು ಹೊರಬರುವಾಗ ಒಂದೊಂದೇ ಸುಕ್ಕು ಬಿಡುತ್ತಾ ಬರುತ್ತದಲ್ಲ, ಹಾಗೆ ಆ ಮುಖ ಬಿಚ್ಚಿಕೊಳ್ಳುತ್ತಾ ಬಂತು. ದನಿಯ ಕೆಂಪು ದಾರ ಕಾಣಿಸಿದಾಗ "ಅಯ್ಯೋ ಬಂತು!" ಎಂದು ಕೂಗಿಯೇಬಿಟ್ಟಳು. ಮೇಸ್ತ್ರಿ ತಿರುಗಿ ನೋಡಿದ.

"ದೊಡ್ಡಮ್ಮ," ಎಂದಳು ಕೊನೆಗೆ, ಬಲು ಮೆಲ್ಲಗೆ, "ಇದು ಬರೆದವಳಿಗೆ ಗೊತ್ತಾ?"

"ಹೇಗೆ ಗೊತ್ತಿರುತ್ತೆ? ಅವಳು ಆ ಕಡೆಯಿಂದ ಬಂದವಳು. ಹಿಂದೆ ತಿರುಗಿ ನೋಡಿರಲ್ಲ."

"ಯಾರಾದ್ರೂ ಹೇಳಬೇಕಲ್ಲ!"

"ಬರೆದಿಟ್ಟಿದ್ದೀನಿ. ಆಗಲೇ ಬರೆದದ್ದು. ಸೂಜಿ ಡಬ್ಬಿಯಲ್ಲಿದೆ."

"ಡಬ್ಬಿಯಲ್ಲಾ? ಡಬ್ಬಿಯಿಂದ ಸೂಜಿ ಓದಿ ಹೇಳ್ತದಾ ಅವಳಿಗೆ? ಎದ್ದೇಳಿ!"

ನನ್ನ ಹೊಲಿಗೆಯ ಮೇಜು ಅದೇ ಕೋಣೆಯ ಮೂಲೆಯಲ್ಲಿದೆ. ಹರಿದ ಹಾಸುಗಳಿಗೆ ತೇಪೆ ಹಾಕುವುದೂ ನನ್ನದೇ ಕೆಲಸ. ಡಬ್ಬಿ ಅಲ್ಲೇ ಇತ್ತು. ಗುಂಡಿಗಳನ್ನು ಸರಿಸಿ ಕಾಗದ ತೆಗೆದೆ. ಹೊಸದಾಗಿ ಬರೆಯೋಣವೇ ಎಂದುಕೊಂಡೆ. ಬೇಡವೆನಿಸಿತು. ಆ ಬೆರಗು ಆಗಿನದು, ಅದು ಹಾಗೇ ಇರಲಿ. ಅಡಿಯಲ್ಲಿ ಜಾಗವಿತ್ತು. ಸೀಮೆಸುಣ್ಣದ ಪುಡಿ ಕೊಡವಿ, ಮೇಜಿನ ಮೇಲೆ ಹರಡಿ, ಸೇರಿಸಿ ಬರೆದೆ:

'ಅಮ್ಮಾ, ನಾನು ನಿಮ್ಮ ಕಥೆಯನ್ನು ಗೊತ್ತಿಲ್ಲದೆ ಕೊನೆಯಿಂದ ಓದಿದೆ. ತಪ್ಪಾಯಿತು ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಹುಡುಗಿ ಗೆರೆಯಾಗಿ ಉಳಿದದ್ದನ್ನು ಎಲ್ಲರೂ ನೋಡಿದ್ದಾರೆ. ಆ ಗೆರೆಯ ಕಾಲಡಿ ನೆರಳು ಬಂದದ್ದನ್ನು, ಕಣ್ಣಿಗೆ ಹಸಿರು ಬಂದದ್ದನ್ನು, ಗಂಟಲಿಗೆ ಹಾಡು ಬಂದದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ಗೆಳತಿಯೂ ಇವತ್ತು ಕಂಡಳು. ಮರಳುವ ದಾರಿಯನ್ನು ನೀವೇ ಬರೆದಿಟ್ಟಿದ್ದೀರಿ. ಅಳಿಸುವ ಮೊದಲು ಒಂದು ಸಲ ಆ ದಾರಿಯಲ್ಲಿ ನೀವೂ ನಡೆದು ನೋಡಿ. ಮರದ ಕೆಳಗೆ ನೆರಳಿದೆ, ಕೂತು ಹೋಗಬಹುದು. ಅದು ನೀವು ಹಾಸಿದ್ದೇ.'

ಉದ್ದಕ್ಕ ಕಾಗದದ ಎರಡು ಮೂಲೆ ಹಿಡಿದಳು. ಎರಡು ಮೂಲೆ ನಾನು ಹಿಡಿದೆ. ಅಷ್ಟು ಸಣ್ಣ ಕಾಗದಕ್ಕೆ ಇಬ್ಬರು ಬೇಕಿರಲಿಲ್ಲ. ಅಭ್ಯಾಸ. ಅಂಚಿಗೆ ಅಂಚು ಕೂಡಿಸಿ ಮಡಿಚಿದೆವು. ಗೆರೆ ನೆಟ್ಟಗೆ ನಿಂತಿತು. ಎದುರಿನ ಅಂಗಡಿಯಿಂದ ಲಕೋಟೆ, ಅಂಚೆಚೀಟಿ ತಂದಳು. ವಿಳಾಸ ಮಾತ್ರ ನಾನೇ ಬರೆದೆ, ಒಂದೊಂದೇ ಅಕ್ಷರ ಫೋನು ನೋಡಿ ನೋಡಿ.

"ಗಂಟೆ ಹೊಡೆಯುತ್ತೆ, ಎಲ್ಲಿಗೆ ಹೊರಟ್ರಿ ಇಬ್ಬರೂ?" ಎಂದ ಮೇಸ್ತ್ರಿ.

"ಬಾಕಿ ಪಾಠ ಒಪ್ಪಿಸೋಕೆ," ಎಂದೆ.

ಗೇಟಿನಾಚೆ, ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ ಅಂಚೆಡಬ್ಬಿ. ಅದರ ಬಾಯಿಯ ತಗಡು ತುಕ್ಕು ಹಿಡಿದು ಬಿಗಿಯಾಗಿತ್ತು. ಉದ್ದಕ್ಕ ಅದನ್ನು ಎರಡು ಬೆರಳಿನಿಂದ ಎತ್ತಿ ಹಿಡಿದಳು. ನಾನು ಲಕೋಟೆಯನ್ನು ಒಳಗೆ ಇಳಿಬಿಟ್ಟೆ. ಒಂದು ಗಳಿಗೆ ಬೆರಳು ಬಿಡಲಿಲ್ಲ.

"ಬಿಡಿ ದೊಡ್ಡಮ್ಮ," ಎಂದಳು.

ಬಿಟ್ಟೆ. ಒಳಗೆಲ್ಲೋ ತಳದಲ್ಲಿ, ದೋಣಿ ನೀರಿಗೆ ತಾಗಿದಂತೆ, ಸಣ್ಣದೊಂದು ಸದ್ದಾಯಿತು.