ಅಕ್ಕಡಿಯ ಬೀಜ

ನಮ್ಮದು ಒಂಬತ್ತು ಎಕರೆ ಹೊಲ. ಒಂಬತ್ತೂ ಎಕರೆ ಕಬ್ಬು. ಹೋದ ವರ್ಷ ಶ್ರಾವಣದಲ್ಲಿ ನನ್ನ ಹೆಂಡತಿ ಅಕ್ಕವ್ವನ ತಟ್ಟೆಗೆ ಒಂದು ಹಿಡಿ ಸೊಪ್ಪು ಬೇಕಾದಾಗ ಆ ಒಂಬತ್ತು ಎಕರೆಯಲ್ಲಿ ತಿನ್ನುವಂಥ ಒಂದು ಎಲೆಯೂ ನನಗೆ ಸಿಗಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಊರ ಕಟ್ಟೆಯ ಮೇಲೆ ಕೂತು ಕಬ್ಬಿನ ಟನ್ನೇಜು ಹೇಳುವಾಗ ನಾಚಿಕೆಯಾಗದವನು ಇದನ್ನೂ ಹೇಳಲೇಬೇಕು.

ನಮ್ಮ ಊರು ಉಗಾರ ಖುರ್ದದ ಆಚೆ, ಹೊಳೆಯ ದಂಡೆಗೆ. ಅಕ್ಕವ್ವನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಹದಿನಾಲ್ಕು ವರ್ಷ. ಕಬ್ಬಿನ ಮನೆಯಲ್ಲಿ ಸಕ್ಕರೆ ಇರದೆ ಇನ್ನೇನು ಇರುತ್ತದೆ ಎಂದು ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅದು ಕಣ್ಣಿಗೆ ಹತ್ತಿದ್ದು ಗೊತ್ತಾಗುವಷ್ಟರಲ್ಲಿ ಎಡಗಣ್ಣು ಹೋಗಿತ್ತು. ಬಲಗಣ್ಣಿನಲ್ಲಿ ಆಳು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮಿರಜಿನ ಕಣ್ಣಿನ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು: ಬಲಗಣ್ಣಿಗೆ ಆಪರೇಷನ್ ಮಾಡಬಹುದು, ಆದರೆ ಸಕ್ಕರೆ ಇಷ್ಟು ಏರಿರುವಾಗ ಕೈ ಹಾಕುವುದಿಲ್ಲ, ಮೂರು ತಿಂಗಳಲ್ಲಿ ಇಳಿಸಿಕೊಂಡು ಬನ್ನಿ, ತಡವಾದರೆ ಇದೂ ಉಳಿಯುವುದಿಲ್ಲ.

ಆಗ ಸೊಸೆ ಪ್ರಾಜಕ್ತಾ ತನ್ನ ಮೊಬೈಲಿನಿಂದ ಒಂದು ಪಟ್ಟಿ ತೆಗೆದಳು. ಹೆರಿಗೆಯ ನಂತರ ಅವಳು ಅದೇ ಪಟ್ಟಿ ಹಿಡಿದು ಮೈ ಇಳಿಸಿಕೊಂಡಿದ್ದಳು. ಪ್ಯಾಲಿಯೋ ಊಟವಂತೆ. ಒಕ್ಕಲುತನ ಹುಟ್ಟುವ ಮೊದಲು ಮನುಷ್ಯ ಏನು ತಿನ್ನುತ್ತಿದ್ದನೋ ಅದನ್ನೇ ತಿನ್ನುವುದು. ಜೋಳ ಇಲ್ಲ, ಗೋಧಿ ಇಲ್ಲ, ಅಕ್ಕಿ ಇಲ್ಲ, ಬೇಳೆ ಇಲ್ಲ, ಬೆಲ್ಲದ ಹೆಸರೇ ಎತ್ತುವಂತಿಲ್ಲ. ಸೊಪ್ಪು, ಕಾಯಿಪಲ್ಯ, ಮೊಟ್ಟೆ, ಮಾಂಸ, ಮೀನು, ಕೊಬ್ಬರಿ ಅಷ್ಟೇ. ಅದೂ ಔಷಧ ಹೊಡೆಯದ್ದು, ಹತ್ತಿರದಲ್ಲೇ ಬೆಳೆದದ್ದು. ಒಕ್ಕಲಿಗನ ಮನೆಯಲ್ಲಿ ಒಕ್ಕಲುತನದ ಮೊದಲಿನ ಊಟವೇ ಎಂದು ನಾನು ಸಿಡುಕಿದೆ. ಡಾಕ್ಟರನ್ನು ಕೇಳಿದರೆ, ಗುಳಿಗೆ ಬಿಡಬೇಡಿ, ತಿನ್ನುವುದಿದ್ದರೆ ಹೊಟ್ಟೆ ತುಂಬ ತಿನ್ನಲಿ, ವಾರಕ್ಕೊಮ್ಮೆ ರಕ್ತ ತೋರಿಸಿ ಎಂದರು. ಅಕ್ಕವ್ವ ನಮಗೆಲ್ಲ ರೊಟ್ಟಿ ಬಡಿದು ಹಾಕಿ, ತಾನು ಮಾತ್ರ ರೊಟ್ಟಿಯಿಲ್ಲದ ತಟ್ಟೆ ಮುಂದಿಟ್ಟುಕೊಂಡು ಕೂತಳು. ಕಣ್ಣು ಕಾಣದಿದ್ದರೂ ಅವಳ ರೊಟ್ಟಿ ಒಂದೇ ಸಮ ದುಂಡಗೆ ಬರುತ್ತಿತ್ತು. ಅದನ್ನು ಮುರಿದು ಬಾಯಿಗಿಡಲು ನನಗೆ ಕಷ್ಟವಾಗುತ್ತಿತ್ತು.

ತರುವ ಕೆಲಸ ನನ್ನದಾಯಿತು. ನಿಪ್ಪಾಣಿಯಿಂದ ಜವಾರಿ ಮೊಟ್ಟೆ ತಂದೆ. ಪ್ರಾಜಕ್ತಾ ನೀರಿಗೆ ಹಾಕಿದಾಗ ಬಣ್ಣ ಬಿಟ್ಟಿತು. ಫಾರ್ಮಿನ ಬಿಳಿ ಮೊಟ್ಟೆಯನ್ನು ಚಹಾದ ನೀರಲ್ಲಿ ಅದ್ದಿ ಕಂದು ಮಾಡಿದ್ದರು. ಕೊನೆಗೆ ಕುರಿಗಾರರ ಹಟ್ಟಿಯೊಂದರಲ್ಲಿ ದಿನಕ್ಕೆ ಎರಡು ಮೊಟ್ಟೆ ಗೊತ್ತು ಮಾಡಿದೆ, ವಾರಕ್ಕೊಮ್ಮೆ ಅವರಿಂದಲೇ ಮಟನ್. ಆ ಮಟ್ಟಿಗೆ ಸರಿಹೋಯಿತು. ಸರಿಹೋಗದ್ದು ಕಾಯಿಪಲ್ಯ. ಚಿಕ್ಕೋಡಿಯ ಸಂತೆಯಲ್ಲಿ ನೋಡಿದವರು ಕಣ್ಣಿಗೊತ್ತಿಕೊಳ್ಳುವಂಥ ಬದನೆಕಾಯಿ ತಂದೆ. ರಾಯಬಾಗದಿಂದ ಮೆಂತ್ಯ ತಂದೆ. ಅಕ್ಕವ್ವ ಒಂದು ತುತ್ತು ಬಾಯಿಗಿಟ್ಟು ಹೊರಗೆ ತೆಗೆಯುತ್ತಿದ್ದಳು. ಔಷಧದ ವಾಸನೆ ಬರುತ್ತದೆ ಅನ್ನುತ್ತಿದ್ದಳು. ಕಣ್ಣು ಹೋದ ಮೇಲೆ ಅವಳ ಮೂಗು ಚುರುಕಾಗಿತ್ತು. ನನಗೆ ಬರದ ವಾಸನೆ ಇವಳಿಗೆಲ್ಲಿಂದ ಬರುತ್ತದೆ ಎಂದು ನಾನು ರೇಗಿದೆ.

ಹನ್ನೆರಡನೆಯ ದಿನ ಮುಂಜಾನೆ ಅವಳು ಬಚ್ಚಲ ಮುಂದೆ ಬಿದ್ದಳು. ಮೈಯೆಲ್ಲ ಬೆವರು, ಮಾತು ತೊದಲು. ರಾತ್ರಿ ಪಲ್ಯ ತಿನ್ನದೆ ಎತ್ತಿಟ್ಟು, ಬೆಳಿಗ್ಗೆ ಗುಳಿಗೆ ಮಾತ್ರ ನುಂಗಿದ್ದಳು. ಪ್ರಾಜಕ್ತಾ ಸಕ್ಕರೆ ನೀರು ಕುಡಿಸಿದಳು. ಚೇತರಿಸಿಕೊಂಡಳು, ಆದರೆ ಡಾಕ್ಟರು ಬೈದರು. ಗುಳಿಗೆ ಕಡಿಮೆ ಮಾಡಿದರು. ಹೊಟ್ಟೆಗೆ ಹಾಕದೆ ಹೀಗೆ ಬೀಳಿಸುವುದಿದ್ದರೆ ಈ ಊಟವನ್ನೇ ಬಿಟ್ಟುಬಿಡಿ ಎಂದರು. ಬಿಟ್ಟರೆ ಸಕ್ಕರೆ ಇಳಿಯುವುದಿಲ್ಲ, ಇಳಿಯದಿದ್ದರೆ ಕಣ್ಣಿಲ್ಲ. ಅವಳು ತಿನ್ನುವಂಥದ್ದು ಸಿಗಬೇಕು, ಅಷ್ಟೇ. ಆ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು.

ಅಥಣಿಯ ಹತ್ತಿರ ನನ್ನ ಹಳೆಯ ಗೆಳೆಯ ಶ್ರೀಪಾಲನಿದ್ದಾನೆ. ಜೈನರ ಮನೆ, ತಲೆಮಾರಿನಿಂದ ಒಕ್ಕಲುತನ. ಈಗ ಮೂರು ಎಕರೆ ತರಕಾರಿ ಬೆಳೆದು ಸಾಂಗ್ಲಿಗೆ ಕಳಿಸುತ್ತಾನೆ. ಅವನ ಹತ್ತಿರ ಸಿಕ್ಕೇ ಸಿಗುತ್ತದೆ ಎಂದು ಹೋದೆ. ಅವನು ಸುಳ್ಳು ಹೇಳುವವನಲ್ಲ. ಟೊಮೇಟೊ ಸಾಲುಗಳ ನಡುವೆ ನನ್ನನ್ನು ಕರೆದುಕೊಂಡು ಹೋಗಿ, ಇದು ವೈನಿಗೆ ಬೇಡ ಎಂದ. ಅಕ್ಕವ್ವನನ್ನು ಅವನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ವಾರಕ್ಕೆ ಎರಡು ಸಲ ಔಷಧ ಹೊಡೆಯುತ್ತಾನಂತೆ. ಬಾವಿಯ ಹಿಂದೆ ಮನೆಯವರಿಗೆಂದು ಬಿಟ್ಟ ಎರಡು ಸಾಲಿನಿಂದ ಚೀಲದಲ್ಲಿ ಒಂದಿಷ್ಟು ಹೀರೆಕಾಯಿ ತುಂಬಿಕೊಟ್ಟ. ದಿನಾಲೂ ಕೊಡಲು ತನ್ನಲ್ಲೂ ಇಲ್ಲ ಎಂದು ತಲೆ ತಗ್ಗಿಸಿದ. ಆಮೇಲೆ ಸಹಜವಾಗಿ ಒಂದು ಮಾತು ಕೇಳಿದ.

"ನಿಮ್ಮ ಕಬ್ಬಿನಾಗ ವೈನಿ ಅಕ್ಕಡಿ ಹಾಕ್ತಿದ್ರಲ್ಲೋ. ಅದೆಲ್ಲಿ ಹೋತು?"

ಅಕ್ಕಡಿ ಎಂದರೆ ದೊಡ್ಡ ಬೆಳೆಯ ನಡುವೆ ಮನೆಗೆಂದು ಹಾಕುವ ಸಾಲು. ನಮ್ಮ ಕಡೆ ಕಬ್ಬು ಗಂಡಸಿನದು, ಅಕ್ಕಡಿ ಹೆಂಗಸಿನದು. ಏನು ಹಾಕಬೇಕು, ಎಂದು ಕೀಳಬೇಕು, ಯಾರಿಗೆ ಕೊಡಬೇಕು ಎಂದು ಗಂಡಸು ಕೇಳುವಂತಿಲ್ಲ. ಅಕ್ಕಡಿಯದನ್ನು ಮಾರುವಂತಿಲ್ಲ. ಬೀಜ ಅತ್ತೆಯ ಕೈಯಿಂದ ಸೊಸೆಯ ಕೈಗೆ ಬರುತ್ತದೆ. ನನ್ನ ತಾಯಿ ಸಾಯುವ ಮೊದಲು ಅಕ್ಕವ್ವನಿಗೆ ಬೂದಿ ಬೆರೆಸಿದ ಬೀಜದ ಮಡಕೆಯನ್ನು ಕೊಟ್ಟಿದ್ದಳು. ಅಕ್ಕವ್ವ ಕಬ್ಬು ಚಿಕ್ಕದಿರುವಾಗಲೇ ಮೆಂತ್ಯ, ಹತ್ತರಕಿ, ಪುಂಡಿಯಂಥ ಸೊಪ್ಪು, ಉಳ್ಳಾಗಡ್ಡಿ, ಹೀರೆ, ಸವತೆ ಎಲ್ಲ ಹಾಕುತ್ತಿದ್ದಳು. ಕಬ್ಬು ಎತ್ತರವಾಗಿ ನೆರಳು ಮಾಡುವಷ್ಟರಲ್ಲಿ ಅವಳ ಬೆಳೆ ಮುಗಿದಿರುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಕಳೆ ಕೀಳಲು ಆಳು ಸಿಗಲಿಲ್ಲ. ಅಕ್ಕವ್ವ ತಂಗಿಯ ಮಗಳ ಬಾಣಂತನಕ್ಕೆಂದು ಹೋಗಿದ್ದಳು. ಗೊಬ್ಬರದಂಗಡಿಯವನು ಕಸ ಸಾಯಿಸುವ ಔಷಧ ಕೊಟ್ಟ. ಕಬ್ಬಿಗೆ ಏನೂ ಆಗುವುದಿಲ್ಲ, ಅಗಲ ಎಲೆಯದು ಮಾತ್ರ ಸಾಯುತ್ತದೆ ಎಂದ. ಅಗಲ ಎಲೆಯದು ಅಂದರೆ ಅಕ್ಕಡಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬೆನ್ನಿಗೆ ಪಂಪು ಕಟ್ಟಿಕೊಂಡೆ. ಅವಳನ್ನು ಒಂದು ಮಾತು ಕೇಳಲಿಲ್ಲ. ನಾಲ್ಕು ಕಾಯಿಗಾಗಿ ಹೊಲ ಹಾಳುಗೆಡವುವುದೇ ಅಂದುಕೊಂಡೆ.

ಅವಳು ಬರುವ ಹೊತ್ತಿಗೆ ಬಳ್ಳಿಗಳು ಮುರುಟಿ ನೆಲ ಹಿಡಿದಿದ್ದವು. ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದಳು. ನಾನು ಸಂತೆಯಿಂದ ತರುತ್ತೇನೆ ಬಿಡು ಎಂದೆ. ಅವಳು ಕುಡುಗೋಲು ತೆಗೆದುಕೊಂಡು ದನಕ್ಕೆ ಮೇವು ಕೊಯ್ಯಲು ಹೋದಳು. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ. ಒಪ್ಪಿಕೊಂಡಳು ಎಂದೇ ನಾನು ತಿಳಿದಿದ್ದೆ.

ಇದನ್ನೆಲ್ಲ ಶ್ರೀಪಾಲನಿಗೆ ಹೇಳಲಿಲ್ಲ. ಅಕ್ಕಡಿ ನಿಂತು ಬಹಳ ವರ್ಷವಾಯಿತು ಎಂದಷ್ಟೇ ಅಂದೆ. ಚಹಾ ತಂದ ಅವನ ಹೆಂಡತಿ ಚಂದ್ರಮತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೊರಡುವಾಗ ಬಾಗಿಲವರೆಗೆ ಬಂದಳು.

"ಕರೋಶಿಗೆ ಹೋಗ್ರಿ ಅಣ್ಣಾರ. ಗಿರಿಜವ್ವ ಅಂತ ಅದಾಳ, ಗುಡ್ಡದ ಬಾಜೂಕ ಆಕಿ ಹೊಲ. ಅಕ್ಕವ್ವಾರು ಅಲ್ಲೀದು ತಿಂತಾರ."

ಅಷ್ಟು ಖಾತ್ರಿ ಹೇಗೆ ಎಂದು ಕೇಳಿದೆ. ಹೋಗಿ ಬನ್ನಿ ಅಂದು ಒಳಗೆ ಹೋದಳು.

ಮರುದಿನ ಕರೋಶಿಗೆ ಹೋದೆ. ಗಿರಿಜವ್ವನ ಹೊಲ ಎರಡು ಎಕರೆ, ಕಲ್ಲುನೆಲ, ಮಳೆಯ ನೀರೇ ಗತಿ. ಕಬ್ಬು ಅಲ್ಲಿ ಬರುವಂತಿಲ್ಲ, ಹಾಗಾಗಿ ಅಕ್ಕಡಿ ಉಳಿದಿತ್ತು. ಜೋಳದ ನಡುವೆ ನಡುವೆ ಹೀರೆಯ ಹಳದಿ ಹೂವು. ಪುಂಡಿ ಮೊಳಕಾಲೆತ್ತರ. ಎಪ್ಪತ್ತರ ಮುದುಕಿ, ಸೊಂಟ ಬಾಗಿದ್ದರೂ ಮಾತು ನೆಟ್ಟಗೆ. ಹೆಂಡತಿಗೆ ಹುಷಾರಿಲ್ಲ, ಕಾಯಿಪಲ್ಯ ಬೇಕು, ಎಷ್ಟು ಹೇಳುತ್ತೀರೋ ಅಷ್ಟು ಕೊಡುತ್ತೇನೆ ಎಂದೆ. ಅಕ್ಕಡಿಯದನ್ನು ಮಾರುವುದಿಲ್ಲ, ಹುಷಾರಿಲ್ಲದವರಿಗೆ ಇಲ್ಲ ಅನ್ನುವುದೂ ಇಲ್ಲ ಅಂದಳು. ತಲೆಗೆ ಸುತ್ತಿದ ಪಟಕಾ ಬಿಚ್ಚಿ ಹಾಸು ಎಂದು, ಅದರ ತುಂಬ ತಾನೇ ಕಿತ್ತು ಹಾಕಿದಳು. ವಾರಕ್ಕೆರಡು ಸಲ ಬಾ ಎಂದಳು.

ನಾನು ದುರಾಸೆಯವನು. ಬೀಜವನ್ನೂ ಕೊಡಿ, ನಮ್ಮ ಹೊಲದಲ್ಲೂ ಹಾಕುತ್ತೇನೆ ಎಂದೆ. ಗಂಡಸಿನ ಕೈಗೆ ಅಕ್ಕಡಿಯ ಬೀಜ ಕೊಡುವುದಿಲ್ಲ ಅಂದಳು. ನಾನು ಬಿಡದಿದ್ದಾಗ ಒಳಗಿನಿಂದ ಮಡಕೆ ತಂದು ನನ್ನ ಮುಂದಿಟ್ಟಳು. ಬೂದಿಯೊಳಗಿಂದ ಒಂದು ಬಟ್ಟೆಯ ಗಂಟು ಎತ್ತಿದಳು. ಹಳದಿ ಪಟಕಾದ ತುಂಡು, ಅಂಚಿಗೆ ಕೆಂಪು ಗೆರೆ. ನನ್ನ ಮದುವೆಯ ಪಟಕಾ. ಹಳತಾದ ಮೇಲೆ ಎಲ್ಲಿ ಹೋಯಿತೆಂದು ನಾನೆಂದೂ ಕೇಳಿರಲಿಲ್ಲ.

"ಇವು ನನ್ನವಲ್ಲ ತಮ್ಮಾ," ಅಂದಳು ಗಿರಿಜವ್ವ. "ಯಡೂರಾಗ ವೀರಭದ್ರನ ಗುಡಿ ಕಟ್ಟಿಮ್ಯಾಲ ಒಬ್ಬ ಹೆಣ್ಮಗಳು ಕೊಟ್ಟಾಳ. ನಮ್ಮ ಹೊಲದಾಗ ಇವಕ್ಕ ಜಾಗಾ ಇಲ್ಲ, ನೀ ಬದುಕಿಸವ್ವಾ ಅಂದ್ಲು. ವರ್ಷಾ ಶ್ರಾವಣದಾಗ ಬರಾಕಿ. ನಾ ಹೊಸಾ ಬೀಜ ಒಯ್ದು ತೋರಸ್ತಿದ್ದೆ. ಕೈಯಾಗ ಹಿಡದು ನೋಡಿ, ಹೊಳ್ಳಿ ಕೊಡತಿದ್ಲು. ಈಗ ಎರಡು ವರ್ಷಾತು, ಬಂದಿಲ್ಲ. ಇದ್ದಾಳೋ ಇಲ್ಲೋ."

ಹತ್ತು ವರ್ಷ ಶ್ರಾವಣ ಸೋಮವಾರಕ್ಕೊಮ್ಮೆ ಅಕ್ಕವ್ವ ಊರ ಹೆಂಗಸರ ಜೊತೆ ಯಡೂರಿಗೆ ಹೋಗುತ್ತಿದ್ದಳು. ದೇವರಿಗೆ ಹೋಗುತ್ತಾಳೆ ಎಂದು ನಾನೇ ಟೆಂಪೋ ಹತ್ತಿಸಿ ಬರುತ್ತಿದ್ದೆ. ಕಣ್ಣು ಮಂಜಾದ ಮೇಲೆ ಎರಡು ವರ್ಷದಿಂದ ಬಿಟ್ಟಿದ್ದಳು. ಚಂದ್ರಮತಿಗೆ ಗೊತ್ತಿತ್ತು. ಬಹುಶಃ ಊರ ಹೆಂಗಸರಿಗೆಲ್ಲ ಗೊತ್ತಿತ್ತು. ಒಂದೇ ಮನೆಯಲ್ಲಿ ಉಣ್ಣುವ ನನಗೊಬ್ಬನಿಗೆ ಗೊತ್ತಿರಲಿಲ್ಲ.

"ಅದಾಳವ್ವಾ," ಎಂದೆ. "ಕಣ್ಣು ಕಾಣವಲ್ದು. ಅಕ್ಕವ್ವ ನನ್ನ ಹೇಂತಿ."

ಗಿರಿಜವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಗಂಟನ್ನು ತಿರುಗಿ ಬೂದಿಯಲ್ಲಿ ಮುಚ್ಚಿದಳು.

"ಕಣ್ಣು ಬರಲಿ. ಆಕೀನ ಬಂದು ಕೇಳಲಿ," ಅಂದಳು.

ಮನೆಗೆ ಬಂದಾಗ ಅಕ್ಕವ್ವ ಪಡಸಾಲೆಯಲ್ಲಿ ಕೂತಿದ್ದಳು. ಎಲ್ಲಿಂದ ತಂದೆನೆಂದು ಹೇಳದೆ, ಕಾಯಿಪಲ್ಯ ಕಟ್ಟಿದ ಪಟಕಾವನ್ನು ಅವಳ ಮುಂದೆ ಬಿಚ್ಚಿದೆ. ಕೈಯಾಡಿಸಿದಳು. ಒಂದು ಹೀರೆಕಾಯಿ ಎತ್ತಿ ಅದರ ಏಣುಗಳ ಮೇಲೆ ಹೆಬ್ಬೆರಳು ಎಳೆದಳು, ಪುಂಡಿಯ ಎಲೆಯೊಂದನ್ನು ಮುರಿದು ಮೂಸಿದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಗಿರಿಜವ್ವ ಹೆಂಗದಾಳ?" ಎಂದು ಕೇಳಿದಳು.

ಚಲೋ ಅದಾಳ ಎಂದೆ. ಇನ್ನೂ ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎನ್ನಬೇಕಿತ್ತು. ಹನ್ನೆರಡು ವರ್ಷ ತಡವಾದ ಆ ಮಾತು ಬಿಟ್ಟು, ಪಟಕಾದಲ್ಲಿದ್ದುದನ್ನು ಎತ್ತಿ ಬುಟ್ಟಿಗೆ ಹಾಕಿದೆ. ಅಂದು ಅವಳು ತಟ್ಟೆ ತುಂಬ ಪಲ್ಯ ಹಾಕಿಸಿಕೊಂಡು ಉಂಡಳು. ಪ್ರಾಜಕ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು.

ಮೂರು ತಿಂಗಳು ವಾರಕ್ಕೆರಡು ಸಲ ಕರೋಶಿಗೆ ಹೋದೆ. ಸಕ್ಕರೆ ನಿಧಾನವಾಗಿ ಇಳಿಯಿತು. ಊಟದಿಂದಲೋ ಗುಳಿಗೆಯಿಂದಲೋ, ಎರಡರಿಂದಲೂ ಇರಬಹುದು ಎಂದರು ಡಾಕ್ಟರು. ದೀಪಾವಳಿ ಮುಗಿದ ಮೇಲೆ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣು ಹೋದದ್ದು ಹೋಯಿತು. ಬಲಗಣ್ಣಿನಲ್ಲಿ ಈಗ ಮುಖ ಕಾಣುತ್ತದೆ, ಅಕ್ಕಿಯಲ್ಲಿನ ಕಲ್ಲು ಕಾಣುವುದಿಲ್ಲ. ಈ ನಡುವೆ ನಾನು ಬಾವಿಯ ಬದಿಯ ಅರ್ಧ ಎಕರೆ ಕಬ್ಬು ಕೀಳಿಸಿ, ಕೊಟ್ಟಿಗೆ ಗೊಬ್ಬರ ಹಾಕಿ ಬಿಟ್ಟಿದ್ದೆ. ಪಂಪನ್ನು ಆ ಕಡೆ ಒಯ್ಯಲಿಲ್ಲ. ಅಕ್ಕವ್ವನಿಗೆ ಹೇಳಿದಾಗ ಹೂಂ ಅಂದಳು.

ಈ ವರ್ಷ ಮಳೆಗೆ ಮುಂಚೆ, ಕರೋಶಿಗೆ ಕರೆದುಕೊಂಡು ಹೋಗು ಎಂದು ತಾನೇ ಕೇಳಿದಳು. ಇಬ್ಬರು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಹಳ ಹೊತ್ತು ಕೂತರು. ನಾನು ದೂರ, ಕಟ್ಟೆಯ ತುದಿಗೆ. ಆಮೇಲೆ ಗಿರಿಜವ್ವ ಮಡಕೆ ತಂದಳು. ಅಕ್ಕವ್ವ ಹಳದಿ ಗಂಟು ಬಿಚ್ಚಿ ಬೀಜವನ್ನು ಮೊರದಲ್ಲಿ ಸುರಿದು, ಬಲಗಣ್ಣಿನ ಹತ್ತಿರಕ್ಕೆ ತಂದು ನೋಡಿದಳು. ಅಂಗೈಯಿಂದ ಎರಡು ಪಾಲು ಮಾಡಿದಳು.

"ಅರ್ಧ ನಿನ್ನ ಹಂತೇಕನ ಇರಲಿ ಗಿರಿಜವ್ವಾ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇವರು ಮತ್ತ ಏನರೆ ಹೊಡದಾರು."

ನಾನಿದ್ದೇನೆ ಎಂದು ಗೊತ್ತಿದ್ದೇ ಹೇಳಿದಳು. ಇನ್ನು ಹೊಡೆಯುವುದಿಲ್ಲ ಎಂದು ಹೇಳಬಹುದಿತ್ತು. ಹನ್ನೆರಡು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ಆಗಲೂ ಹಾಗೆಯೇ ಹೇಳುತ್ತಿದ್ದೆನೇನೋ.

ಗಂಟು ಕಟ್ಟಲು ನನ್ನನ್ನೇ ಕರೆದಳು. ಪಟಕಾದ ತುಂಡನ್ನು ನಡುವೆ ಹರಿದು ಎರಡು ಮಾಡಿದೆ. ಒಂದರಲ್ಲಿ ನಮ್ಮ ಪಾಲು, ಒಂದರಲ್ಲಿ ಕರೋಶಿಯ ಪಾಲು. ಕಟ್ಟುವ ಮೊದಲು ನಮ್ಮ ಪಾಲಿನಿಂದ ಒಂದು ಹಿಡಿ ತೆಗೆದು ಗಿರಿಜವ್ವನ ಪಾಲಿಗೆ ಹಾಕಿದೆ. ಅಕ್ಕವ್ವ ನೋಡಿದಳು. ಬೇಡ ಅನ್ನಲಿಲ್ಲ.