ಚೆಲ್ಲಿದ ಅರ್ಧ

ಬಡಗಿಯ ತಂಗಿಗೆ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ತನ್ನದೊಂದನ್ನು ಕೊಡುತ್ತೇನೆಂದು ಅಣ್ಣನೇ ಮುಂದೆ ಬಂದಿದ್ದ. ಅವನ ಕಿಡ್ನಿಗಳು ಎಷ್ಟು ಗಟ್ಟಿಯೆಂದು ಅಳೆಯಲು ರಕ್ತದ ಜೊತೆಗೆ ಇಡೀ ಒಂದು ದಿನದ ಮೂತ್ರ ಬೇಕಿತ್ತು. ಆಸ್ಪತ್ರೆಯ ಲ್ಯಾಬಿನಾಕೆ ದೊಡ್ಡ ಕ್ಯಾನು ಕೊಟ್ಟು, "ಒಂದು ಹನಿನೂ ಹೊರಗೆ ಹೋಗ್ಬಾರ್ದು" ಎಂದಿದ್ದಳು.

"ಇಷ್ಟು ವರ್ಷ ಸುಮ್ನೆ ಚೆಲ್ಲಿದ್ದಕ್ಕೆ ಇವತ್ತು ಬೆಲೆ ಬಂತು ನೋಡಿ ಮೇಡಂ" ಎಂದು ಅವನು ನಗಿಸಿ ಹೋಗಿದ್ದ.

ಕ್ಯಾನು ವಾಪಸು ಬಂದಾಗ ಆಕೆಯ ಹುಬ್ಬು ಗಂಟಿಕ್ಕಿತು. ರಕ್ತದಲ್ಲಿ ಕ್ರಿಯಾಟಿನಿನ್ ಸರಿಯಾಗಿಯೇ ಇತ್ತು. ಮೂತ್ರದ ಲೆಕ್ಕ ಮಾತ್ರ ಕಿಡ್ನಿಗಳು ಅರ್ಧ ಸೋತಿವೆ ಎನ್ನುತ್ತಿತ್ತು. ಕ್ರಿಯಾಟಿನಿನ್ ಎಂದರೆ ಮೈಯ ಸ್ನಾಯುಗಳಲ್ಲಿ ಹುಟ್ಟುವ ಕಸ, ಅದು ಮೂತ್ರದಲ್ಲಿ ದಿನಕ್ಕಿಷ್ಟು ಎಂದು ಹೊರಬೀಳಲೇಬೇಕು. ಮರ ಕೊಯ್ದು ತೋಳು ಬಲಿತವನಿಂದ ಎಳೆ ಹುಡುಗಿಯದಷ್ಟೇ ಬರುವುದೆಂತು?

ಅವನನ್ನು ಕರೆಸಿ ಬಾಗಿಲು ಮುಚ್ಚಿದಳು. "ನಿಜ ಹೇಳಿ, ಪೂರ್ತಿ ಹಿಡಿದಿದ್ರಾ?"

ಅವನು ನೆಲ ನೋಡಿದ. "ಅರ್ಧ ಚೆಲ್ಲಿಬಿಟ್ಟೆ. ಆಗಲ್ಲ ಅಂತ ರಿಪೋರ್ಟೇ ಹೇಳ್ಲಿ, ನನ್ನ ಬಾಯಿಂದ ಬೇಡ ಅಂದ್ಕೊಂಡೆ. ದಿನಾ ಉಳಿ ಹಿಡಿಯೋನು ನಾನು, ನನ್ನ ಮೈಗೇ ಕತ್ತಿ ಅಂದ್ರೆ ಜೀವ ಬಾಯಿಗೆ ಬರುತ್ತೆ."

"ಬೇಡ ಅನ್ನೋದು ತಪ್ಪಲ್ಲ. ಡಾಕ್ಟರಿಗೆ ಒಬ್ರೇ ಹೋಗಿ ಹೇಳಿ, ಮನೆಯೋರಿಗೆ ಅವರು ಕಾರಣ ಬಿಟ್ಟುಕೊಡಲ್ಲ. ಆದ್ರೆ ಈ ಸುಳ್ಳು ರಿಪೋರ್ಟು ನನ್ನ ಕೈಯಿಂದ ಹೋಗಲ್ಲ."

ಅವನು ಡಾಕ್ಟರ ಬಳಿ ಹೋಗಲಿಲ್ಲ. ನೇರ ಡಯಾಲಿಸಿಸ್ ವಾರ್ಡಿಗೆ ಹೋಗಿ, ತೋಳಿಗೆ ಎರಡು ನಳಿಕೆ ಚುಚ್ಚಿಸಿಕೊಂಡು ಮಲಗಿದ್ದ ತಂಗಿಗೆ ಎಲ್ಲವನ್ನೂ ಹೇಳಿದ. ಅವಳು ಗೋಡೆಯತ್ತ ಮುಖ ತಿರುಗಿಸಿದಳು.

"ನಿನ್ನ ಯಾರು ಕೇಳಿದ್ರೋ ಅಣ್ಣಾ? ನೀನೇ ಎದೆ ತಟ್ಕೊಂಡು ಬಂದೆ, ನಾನು ಆಸೆ ಕಟ್ಕೊಂಡೆ." ಮತ್ತೆ ಅವನತ್ತ ತಿರುಗಿ, "ಕೋಪ ಇಲ್ಲ ಅನ್ನಲ್ಲ. ಆದ್ರೂ ನನ್ನ ಮುಖ ನೋಡಿ ಕೊಡ್ಬೇಡ, ಹೋಗು" ಎಂದಳು.

ಮೂರು ವಾರ ಅವನ ಸುಳಿವಿರಲಿಲ್ಲ. ನಾಲ್ಕನೆಯ ವಾರ ತನ್ನ ಹೆಂಡತಿಯನ್ನು ಕರೆದುಕೊಂಡು ಲ್ಯಾಬಿಗೆ ಬಂದು, "ಹೆದರಿಕೆ ಹೋಗಿಲ್ಲ ಮೇಡಂ, ಆದ್ರೂ ಕೊಡ್ತೀನಿ, ಇವಳಿಗೂ ಹೇಳಿದೀನಿ" ಎಂದು ಇನ್ನೊಂದು ಕ್ಯಾನಿಗೆ ಕೈ ಚಾಚಿದ. ಈ ಸಲ ಅಳತೆ ಅವನ ತೋಳಿಗೆ ತಕ್ಕಂತಿತ್ತು.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆಯೂ ಅವನು ಎಷ್ಟುದ್ದ ಕೊಯ್ಯುತ್ತಾರೆಂದು ನರ್ಸನ್ನು ಕೇಳುತ್ತಲೇ ಇದ್ದ. ಪಕ್ಕದ ಗಾಲಿಮಂಚದಿಂದ ತಂಗಿ ಅವನ ಕೈ ಹಿಡಿದುಕೊಂಡಳು, ಅವನನ್ನು ಒಳಗೆ ಒಯ್ಯುವವರೆಗೂ ಬಿಡಲಿಲ್ಲ.

ಐದನೆಯ ದಿನ ಅವಳ ರಕ್ತ ಲ್ಯಾಬಿಗೆ ಬಂತು. ಒಂಬತ್ತಿದ್ದ ಕ್ರಿಯಾಟಿನಿನ್ ಒಂದೂವರೆಗೆ, ಹೆಚ್ಚುಕಡಿಮೆ ಆರೋಗ್ಯವಂತರ ಮಟ್ಟಕ್ಕೆ ಇಳಿದಿತ್ತು. ಲ್ಯಾಬಿನಾಕೆ ನಂಬಿಕೆ ಸಾಲದೆ ಮತ್ತೊಮ್ಮೆ ಪರೀಕ್ಷಿಸಿದಳು. ಅಷ್ಟೇ ಇತ್ತು.