ಹಾಯ್ಗುಳಿಗೊಂದು ಕೋಣೆ

ನಿಶ್ಮಿತಾಳಿಗೆ ಮನೆ ಕೊಡಿಸಿದ್ದು ಶೇಖರ ಎಂದು ಊರಿಡೀ ಹೇಳಿಕೊಂಡು ಬಂದವರು ಸ್ವತಃ ಶೇಖರ ಮಾವನೇ. ಹೇಳಿಕೊಳ್ಳಲಿ ಎಂದು ನಿಶ್ಮಿತಾಳಾದ ನಾನೂ ಬಿಟ್ಟುಬಿಟ್ಟೆ. ಅಸಲಿಗೆ ಅವರು ಕೊಟ್ಟದ್ದು ಮುಂಗಡ ಮಾತ್ರ. ಕೋಟದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಎರಡು ಕೋಣೆಯ ಮನೆಯೊಂದು ಸಿಕ್ಕಿತ್ತು. ಬ್ಯಾಂಕಿನವರು ಸಾಲ ಕೊಡುತ್ತಾರೆ, ಆದರೆ ಐದರಲ್ಲೊಂದು ಪಾಲನ್ನು ಮೊದಲು ನಾವೇ ಹಾಕಬೇಕು. ಬ್ರಹ್ಮಾವರದ ಲ್ಯಾಬಿನಲ್ಲಿ ಊರವರ ರಕ್ತ ತೆಗೆದು ನಾನು ತರುವ ಸಂಬಳದಲ್ಲಿ ಕಂತು ಕಟ್ಟಬಹುದು, ಮುಂಗಡ ಹುಟ್ಟುವುದಿಲ್ಲ. ಗಂಡನನ್ನು ಕೇಳಬಾರದಿತ್ತೇ ಎನ್ನುವವರಿಗೆ ಒಂದೇ ಮಾತು: ಆ ಮನುಷ್ಯನ ಹತ್ತಿರ ನಾನು ಕೊನೆಗೆ ಕೇಳಿದ್ದು ವಿಚ್ಛೇದನ. ಅದನ್ನು ಕೊಟ್ಟ, ಅಷ್ಟು ಸಾಕು.

ಮಾವ ನನ್ನ ಅಮ್ಮನ ತಮ್ಮ. ಠಾಣೆ ಶಹರದಲ್ಲಿ ಎರಡು ಹೋಟೆಲು ಇಟ್ಟವರು. ನಮ್ಮ ಕುಟುಂಬದಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುತ್ತದೆಂದು ಹೇಳಿಕೊಳ್ಳಲು ಎಲ್ಲರಿಗೂ ಹೆಮ್ಮೆ. ಮಾರುವ ಹೊತ್ತಿಗೆ ಮಾತ್ರ ಯಜಮಾನ ಗಂಡಸು. ಉಪ್ಪುಂದದ ಹತ್ತಿರದ ಕುಟುಂಬದ ಮನೆಯನ್ನು ಮಾವ ಮಾರಿದರು, ಅಮ್ಮ ಅವರು ಬೆರಳು ತೋರಿಸಿದಲ್ಲಿ ಸಹಿ ಹಾಕಿದಳು. ದುಡ್ಡು ಠಾಣೆಗೆ ಹೋಯಿತು, ಅಮ್ಮ ನನ್ನ ಬಾಡಿಗೆ ಮನೆಗೆ ಬಂದಳು. ಎರಡು ವರ್ಷದ ಮೇಲೆ ಅದರಲ್ಲಿ ಒಂದು ಚೂರು ಉಡುಗೊರೆಯೆಂಬ ಹೆಸರಿನಲ್ಲಿ ನನ್ನ ಖಾತೆಗೆ ಬಂತು.

ಉಡುಗೊರೆ ಕೊಟ್ಟವರಿಂದ ಬ್ಯಾಂಕಿನವರು ಒಂದು ಪತ್ರ ಕೇಳಿದರು. ಇದು ಸಾಲವಲ್ಲ, ಹಿಂದೆ ಕೇಳುವುದಿಲ್ಲ, ಮನೆಯ ಮೇಲೆ ತನಗೆ ಯಾವ ಹಕ್ಕೂ ಇಲ್ಲ ಎಂದು ಮಾವ ಬರೆದು ಕೊಡಬೇಕು. ಮಾವ ಓದಿ ನಕ್ಕರು.

"ಬ್ಯಾಂಕಿನ್ ಶಾಸ್ತ್ರ ಬ್ಯಾಂಕಿಗೆ, ನಮ್ಮ್ ಶಾಸ್ತ್ರ ನಮ್ಗೆ" ಎಂದು ಸಹಿ ಜಡಿದರು. ನಮ್ಮ ಶಾಸ್ತ್ರ ಯಾವುದೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಬೀಗದ ಕೈ ಸಿಕ್ಕಿದ ವಾರವೇ ಬಡಗಿ ಸುಧಾಕರ ಆಚಾರಿ ಟೇಪು ಹಿಡಿದು ಬಂದರು. "ದೈವದ್ ಮಂಚ ಎಷ್ಟ್ ಉದ್ದ ಬೇಕ್? ಶೇಖ್ರಣ್ಣ ಫೋನ್ ಮಾಡಿ ಹೇಳಿರ್."

ಹಾಯ್ಗುಳಿ ನಮ್ಮ ಕುಟುಂಬದ ದೈವ. ಹಳೆಯ ಮನೆ ಹೋದಂದಿನಿಂದ ಅದರ ಗಂಟೆ, ಕತ್ತಿ ನೆಂಟರೊಬ್ಬರ ಅಟ್ಟದಲ್ಲಿ ಕೂತಿದ್ದವು. ಅವನ್ನು ನಮ್ಮ ಎರಡನೆಯ ಕೋಣೆಗೆ, ಅಂದರೆ ನನ್ನ ಮಗಳು ಅನಿಷಾಳ ಕೋಣೆಗೆ, ತಂದು ಮರದ ಮಂಚದ ಮೇಲೆ ಕೂರಿಸುವುದೆಂದು ಮಾವ ತೀರ್ಮಾನ ಮಾಡಿಯಾಗಿತ್ತು. ನಮ್ಮನ್ನು ಕೇಳುವ ಮಾತೇ ಇಲ್ಲ. ದೈವ ಒಳಗೆ ಬಂದರೆ ಅದು ಕುಟುಂಬದ ಮನೆ, ಯಾರು ಯಾವಾಗ ಬಂದರೂ ಬಾಗಿಲು ತೆರೆಯಬೇಕು. ಅದಾದರೂ ಹೋಗಲಿ. ನಮ್ಮ ಕುಟುಂಬದಲ್ಲಿ ದೈವ ಇರುವ ಮನೆಯೊಳಗೆ ಮುಟ್ಟಾದವರು ಇರುವಂತಿಲ್ಲ. ಹಳೆಯ ಮನೆಯಲ್ಲಿ ಕೊಟ್ಟಿಗೆಯ ಪಕ್ಕ ಅದಕ್ಕೆಂದೇ ಒಂದು ಚಾಪೆ ಇತ್ತು. ಎಸ್ಸೆಸ್ಸೆಲ್ಸಿಯ ಗಣಿತ ಪರೀಕ್ಷೆಗೆ ನಾನು ಸೊಳ್ಳೆ ಹೊಡೆಯುತ್ತಾ ಓದಿದ್ದು ಅದರ ಮೇಲೆ. ಅನಿಷಾಳಿಗೀಗ ಹದಿಮೂರು. ಇಪ್ಪತ್ತು ವರ್ಷ ಕಂತು ಕಟ್ಟಬೇಕಾದ ನನ್ನದೇ ಮನೆಯಿಂದ ನಾನೂ ನನ್ನ ಮಗಳೂ ತಿಂಗಳು ತಿಂಗಳು ಹೊರಗೆ ಬೀಳಬೇಕೇ? ಬಿದ್ದು ಯಾರ ಜಗಲಿ ಸೇರಬೇಕು?

"ಮಂಚ ಮಾಡಿ ಆಚಾರ್ರೇ" ಎಂದೆ. "ಮಗು ಕಾಲ್ ಚಾಚಿ ಮಲ್ಕಂಬಷ್ಟ್ ಉದ್ದ ಇರ್ಲಿ. ಪಕ್ಕದಗೆ ಪುಸ್ತಕ ಇಡುಕೆ ಒಂದ್ ಶೆಲ್ಫ್."

ಹದಿನೈದು ದಿನ ಕಳೆದು ಮಾವ ಕಾರಿನಲ್ಲಿ ಬಂದಿಳಿದರು. ಹಿಂದಿನ ಸೀಟಿನಲ್ಲಿ ಕೆಂಪು ಪಟ್ಟೆವಸ್ತ್ರದಲ್ಲಿ ಸುತ್ತಿದ ಗಂಟೆ, ಕತ್ತಿ. ನೇರ ಕೋಣೆಗೆ ನುಗ್ಗಿದವರು ಹೊಸ ಮಂಚದ ಮೇಲೆ ಹರಡಿದ್ದ ಅನಿಷಾಳ ಯೂನಿಫಾರ್ಮು ನೋಡಿ ನಿಂತುಬಿಟ್ಟರು.

"ಎಂತ ಇದ್ ನಿಶ್ಮಿತಾ? ಹಾಯ್ಗುಳಿ ಎಲ್ಲಿ ಕೂಕಂಬುದ್?"

"ನಮ್ಮನಿಯಗೆ ಆತಿಲ್ಲೆ ಮಾವ. ನಾವ್ ಇಪ್ಪುದೇ ಹೆಂಗಸ್ರ್. ಮುಟ್ಟಾರೆ ಎಲ್ ಹೋಪುದ್?"

"ಹಿಂದಿನವ್ರೆಲ್ಲ ಹೊರ್ಗ್ ಕೂಕಣ್ಲಿಲ್ಯಾ? ಮೂರ್ ದಿನಕ್ಕೆ ಎಂತ ಆತ್?"

"ಎಂತ ಆತ್ ಅಂದ್ ಕೂತವ್ರನ್ನ ಕೇಣಿ."

ಮಾವನ ಮುಖ ಕೆಂಪಾಯಿತು. "ಹಾಂಗಾರೆ ನನ್ ದುಡ್ ವಾಪಾಸ್ ಕೊಡ್."

ಆ ದುಡ್ಡು ಮನೆಯಾಗಿಹೋಗಿತ್ತು. ಹಿಂದೆ ಕೊಡಬೇಕಾದರೆ ಮನೆಯನ್ನೇ ಮಾರಬೇಕು, ಅದು ಅವರಿಗೂ ಗೊತ್ತು. ನಾನು ಅತ್ತು ಕರೆದು ದಾರಿಗೆ ಬರುತ್ತೇನೆಂದು ಎದೆಯ ಮೇಲೆ ಕೈಕಟ್ಟಿ ಕಾದರು.

"ಕೊಡ್ತಿಲ್ಲೆ" ಎಂದೆ.

"ಎಂತ ಅಂದೆ?"

"ಕೊಡ್ತಿಲ್ಲೆ ಮಾವ. ಉಡುಗೊರೆ ಅಂದ್ರಿ, ಊರಿಗೆಲ್ಲ ಹೇಳಿರಿ, ಸಹಿ ಹಾಕಿರಿ. ನಾನ್ ತಕಂಡಾಯ್ತ್."

"ದೈವ ಸುಮ್ನೆ ಬಿಡ್ತಿಲ್ಲೆ ಕಾಣ್."

"ಠಾಣೆಗೆ ಕರ್ಕಂಡ್ ಹೋಯ್ನಿ. ನಿಮ್ ಫ್ಲ್ಯಾಟಂಗೆ ನಾಲ್ಕ್ ಕೋಣಿ ಇತ್ತಲೆ."

ಮಾವ ಹಿಂದೆಮುಂದೆ ನೋಡದೆ ಬಾಯಿಬಿಟ್ಟರು. "ಅಲ್ಲಿ ಹ್ಯಾಂಗ್ ಆತ್? ನಿನ್ ಅತ್ತೆ ಒಪ್ತಿಲ್ಲೆ. ಆ ಮೂರ್ ದಿನ ಅವ್ಳೂ ನನ್ ಮಗ್ಳೂ ಎಲ್ ಹೋಯ್ಕ್?"

ಹೇಳಿಯಾದ ಮೇಲೆ ಅವರ ಮಾತು ಅವರಿಗೇ ಕೇಳಿಸಿರಬೇಕು. ಕನ್ನಡಕ ತೆಗೆದು ಒರೆಸತೊಡಗಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಠಾಣೆಯ ಹೆಣ್ಣುಮಕ್ಕಳ ಕಷ್ಟ ಇಷ್ಟು ಚೆನ್ನಾಗಿ ಗೊತ್ತಿದ್ದೂ ನಮ್ಮ ಕೋಣೆಗೆ ಅಳತೆ ತೆಗೆಸಿದ್ದರಲ್ಲ!

ಅಡುಗೆಮನೆಯಲ್ಲಿ ಬಂಗುಡೆ ಮೀನು ಕಾಯಿಸುತ್ತಿದ್ದ ಅಮ್ಮ ಒಲೆ ಆರಿಸಿದಳು. ತಮ್ಮನೆದುರು ಒಂದು ದಿನವೂ ಬಾಯಿ ತೆರೆದವಳಲ್ಲ. ಕೈ ತೊಳೆದು, ಸೆರಗಿಗೆ ಒರೆಸಿ, ನಮ್ಮಿಬ್ಬರನ್ನೂ ದಾಟಿ ಅಂಗಳಕ್ಕಿಳಿದು ಕಾರಿನ ಬಾಗಿಲು ತೆರೆದಳು. ಗಂಟೆಯನ್ನು ಒಳಗೆ ತಂದೇಬಿಡುತ್ತಾಳೆಂದು ನಾನು ಹೆದರಿದೆ. ಮಾವನೂ ಹಾಗೇ ಎಣಿಸಿ ಗೆಲುವಾಗಿ ಹಿಂದೆಯೇ ಹೋದರು. ಅಮ್ಮ ಗಂಟೆಗೆ ಕೈ ಮುಗಿದಳು. ಆಮೇಲೆ ಮೆಲ್ಲಗೆ ಬಾಗಿಲು ಹಾಕಿದಳು.

"ಶೇಖರ, ನಲ್ವತ್ತ್ ವರ್ಷ ಇದ್ಕೆ ದೀಪ ಇಟ್ಟವ್ಳ್ ನಾನ್. ಸಿಟ್ಟಿದ್ರೆ ನಂಗೇ ಹೇಳ್ತಿತ್, ನಿನ್ ಹತ್ರ ಹೇಳಿ ಕಳ್ಸ್ತಿರ್ಲಿಲ್ಲ."

"ಅಕ್ಕಾ..."

"ದೈವದ್ ಮನಿ ಮಾರಿದ್ದ್ ನೀನ್. ಅದ್ರಗೆ ನನ್ ಪಾಲ್ ಈ ಮನಿಗ್ ಬಂತ್. ಉಳ್ದದ್ದ್ ನಿನ್ ಹತ್ರ ಇತ್ತಲೆ, ಅದ್ರಗೆ ದೈವಕ್ಕೊಂದ್ ಗುಡಿ ಕಟ್ಸ್. ಕಟ್ಸಿದ್ ದಿನ ನಾನೇ ಬಂದ್ ದೀಪ ಇಡ್ತೆ. ಈಗ ಕಾಲ್ ತೊಳ್ಕಂಡ್ ಬಾ, ಊಟಕ್ಕಾಯ್ತ್."

ಮಾವ ಊಟ ಮಾಡದೆ ಕಾರು ಹತ್ತಿದರು. ಕಾರು ಹೆದ್ದಾರಿಯ ಕಡೆ ತಿರುಗುವವರೆಗೂ ಅಮ್ಮ ಅಂಗಳದಲ್ಲಿ ಕೈ ಮುಗಿದುಕೊಂಡೇ ನಿಂತಿದ್ದಳು, ತಮ್ಮನಿಗಲ್ಲ.